ಬಾಗಿಲ ಹೊರಗೆ ನಿಂತವನಿಗೆ ಎಷ್ಟು ಶಿಕ್ಷೆ?

ಮೇಡಂ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಏನಿದೆ ಅಂತ ಉಳಿದ ಓದುಗರಿಗೂ ಗೊತ್ತಾಗಬೇಕಲ್ಲ, ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಒಬ್ಬ ಹುಡುಗನ ಬಗ್ಗೆ ಬರೆದಿದ್ದೆವು. ದರೋಡೆಯೊಂದರಲ್ಲಿ ಅಂಗಡಿಯ ಹೆಂಗಸೊಬ್ಬರು ಗುಂಡಿಗೆ ಬಲಿಯಾದರು. ಗುಂಡು ಹೊಡೆದವನು ಇವನಲ್ಲ, ಇವನ ಜೊತೆಗಿದ್ದ ಇನ್ನೊಬ್ಬ. ಆಗ ಅವನ ವಯಸ್ಸು 14. ಕೋರ್ಟು ಕೊಟ್ಟ ಶಿಕ್ಷೆ ಸಾಯುವ ತನಕ ಜೈಲು, ಪೆರೋಲ್ (ಅಲ್ಲಿ ಅದರ ಅರ್ಥ ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುಗಡೆ) ಇಲ್ಲ. ಇದು ಅನ್ಯಾಯ ಎಂದು ಲೇಖನ ವಾದಿಸಿತ್ತು. ನಿಮಗೆ ಸಿಟ್ಟು ಬಂದಿದೆ. ನಿಮ್ಮ ಮಗಳು ದಾವಣಗೆರೆಯ ಮೆಡಿಕಲ್ ಶಾಪೊಂದರಲ್ಲಿ ರಾತ್ರಿ ಕೌಂಟರ್ ನೋಡಿಕೊಳ್ಳುತ್ತಾಳೆ. ‘ಸತ್ತವಳೂ ಹಾಗೇ ಕೌಂಟರಿನಲ್ಲಿ ನಿಂತಿದ್ದವಳು ಅಲ್ವಾ? ಬಂದೂಕು ಇದೆ ಅಂತ ಗೊತ್ತಿದ್ದೂ ಹೋದ ಹುಡುಗನ ಮೇಲೆ ನಿಮಗ್ಯಾಕೆ ಇಷ್ಟು ಮರುಕ?’ ಎಂದು ಕೇಳಿದ್ದೀರಿ. ನಮ್ಮಲ್ಲಿ ಇಂಥವರನ್ನು ಮೂರೇ ವರ್ಷಕ್ಕೆ ಬಿಟ್ಟುಬಿಡುತ್ತಾರೆ, ಅದು ಯಾವ ನ್ಯಾಯ ಎಂದೂ ಕೇಳಿದ್ದೀರಿ. ಇದೇ ಧಾಟಿ ಮುಂದುವರಿದರೆ ಚಂದಾ ನಿಲ್ಲಿಸುತ್ತೇನೆ ಎಂದೂ ಬರೆದಿದ್ದೀರಿ.

ಅಂದು ನಡೆದದ್ದೇನು ಅನ್ನೋದರಿಂದಲೇ ಶುರು ಮಾಡೋಣ. 1999ರ ನವೆಂಬರ್. ಮೂವರು ಹುಡುಗರು ವಿಡಿಯೊ ಅಂಗಡಿಯೊಂದನ್ನು ದೋಚಲು ಹೊರಟರು. ದಾರಿಯಲ್ಲಿ ನಮ್ಮ ಹುಡುಗನಿಗೆ ಒಂದು ಸಂಗತಿ ಗೊತ್ತಾಯಿತು. ಜೊತೆಯಲ್ಲಿದ್ದ ಒಬ್ಬ ಕೋಟಿನ ತೋಳಿನೊಳಗೆ ನಳಿಕೆ ಕತ್ತರಿಸಿ ಗಿಡ್ಡ ಮಾಡಿದ ಬಂದೂಕು ಇಟ್ಟುಕೊಂಡಿದ್ದ. ಆದರೂ ಇವನು ವಾಪಸ್ ಬರಲಿಲ್ಲ. ಅಂಗಡಿ ತಲುಪಿದ ಮೇಲೆ ಇವನು ಒಳಗೆ ಹೋಗದೆ ಹೊರಗೇ ನಿಂತ. ಬಂದೂಕು ಇದ್ದವನು ಒಳಗೆ ಹೋಗಿ ದುಡ್ಡು ಕೊಡು ಎಂದ. ಕೌಂಟರಿನಲ್ಲಿದ್ದ ಹೆಂಗಸು ಕೊಡಲಿಲ್ಲ. ಮತ್ತೆ ಕೇಳಿದ, ಆಕೆ ಮತ್ತೆ ಇಲ್ಲ ಎಂದರು. ಸ್ವಲ್ಪ ಹೊತ್ತಿಗೆ ಹೊರಗಿದ್ದ ಹುಡುಗನೂ ಒಳಗೆ ಬಂದ. ಪೊಲೀಸರಿಗೆ ಫೋನ್ ಮಾಡ್ತೀನಿ ಎಂದರು ಆಕೆ. ಬಂದೂಕು ಹಿಡಿದವನು ಗುಂಡು ಹೊಡೆದ. ಮೂವರೂ ಬರಿಗೈಯಲ್ಲಿ ಓಡಿದರು.

ಒಳಗೆ ಬಂದಾಗ ಹುಡುಗ ಏನೋ ಒಂದು ಮಾತು ಹೇಳಿದ. ಇಡೀ ಪ್ರಕರಣ ಆ ಮಾತಿನ ಸುತ್ತ ತಿರುಗಿತು. ‘ನಾವೇನು ಆಟ ಆಡ್ತಿಲ್ಲ’ ಎಂದು ಆಕೆಯನ್ನು ಹೆದರಿಸಿದ ಅಂತ ಸರ್ಕಾರಿ ವಕೀಲರು ಹೇಳಿದರು. ಇಲ್ಲ, ‘ನೀವು ಆಟ ಆಡ್ತಿದೀರಿ ಅಂದ್ಕೊಂಡಿದ್ದೆ’ ಅಂತ ಗೆಳೆಯರಿಗೆ ಹೇಳಿದ್ದು ಎಂಬುದು ಹುಡುಗನ ಕಡೆಯವರ ವಾದ. ಮೊದಲನೆಯದಾದರೆ ಅವನು ದರೋಡೆಗೆ ಕೈ ಜೋಡಿಸಿದ ಹಾಗೆ. ಎರಡನೆಯದಾದರೆ ಕಣ್ಣೆದುರು ನಡೆಯುತ್ತಿದ್ದದ್ದು ಅವನಿಗೇ ನಂಬಲಾಗಿರಲಿಲ್ಲ. ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಅವನನ್ನು ತಪ್ಪಿತಸ್ಥ ಎಂದಿತು.

ನಿಮ್ಮ ಜೊತೆ ನನಗೆ ಇಲ್ಲಿಯವರೆಗೆ ಜಗಳವೇ ಇಲ್ಲ. ಅವನು ತಪ್ಪು ಮಾಡಿದ. ಬಂದೂಕು ಇದೆ ಅಂತ ಗೊತ್ತಾದ ಮೇಲೂ ಹೋದ. ಹೊರಗೆ ನಿಂತಿದ್ದ ಅನ್ನೋ ಕಾರಣಕ್ಕೆ ಅವನನ್ನು ಮನೆಗೆ ಕಳಿಸಬೇಕಿತ್ತು ಅಂತ ಲೇಖನವೂ ಹೇಳಿಲ್ಲ, ನಾನೂ ಹೇಳಲ್ಲ. ವರ್ಷಗಟ್ಟಲೆ ಜೈಲು ಆಗಬೇಕಾದ ತಪ್ಪೇ ಅದು.

ನನಗೆ ಒಪ್ಪಿಗೆಯಾಗದ್ದು ಇದರ ಮುಂದಿನ ಹೆಜ್ಜೆ. ಜ್ಯೂರಿ ತೀರ್ಮಾನ ಹೇಳಿದ ಮೇಲೆ ಶಿಕ್ಷೆ ಹೇಳಬೇಕಾದ ನ್ಯಾಯಾಧೀಶರು ಅಂದದ್ದು ಇಷ್ಟು: ಈ ತೀರ್ಪು ಬಂದ ಮೇಲೆ ಕೊಡಲು ಸಾಧ್ಯವಿರುವ ಶಿಕ್ಷೆ ಒಂದೇ. ಹುಡುಗನ ವಯಸ್ಸೆಷ್ಟು, ಅವನು ಬಾಗಿಲ ಹೊರಗಿದ್ದನೋ ಒಳಗಿದ್ದನೋ, ಬಂದೂಕು ತಂದವರು ಯಾರು, ಯೋಜನೆ ಯಾರದು? ಇದ್ಯಾವುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೇ ಇರಲಿಲ್ಲ. 14ನೇ ವಯಸ್ಸಿನವನನ್ನು ದೊಡ್ಡವರ ಕೋರ್ಟಿಗೆ ಎಳೆಯಬೇಕೋ ಬೇಡವೋ ಅನ್ನೋದು ಅಲ್ಲಿ ಸರ್ಕಾರಿ ವಕೀಲರ ಕೈಯಲ್ಲಿತ್ತು. ಅವರು ಎಳೆದರು. ಆಮೇಲಿನದೆಲ್ಲ ಕಾನೂನೇ ಮೊದಲೇ ಬರೆದಿಟ್ಟಿತ್ತು.

ದರೋಡೆಯಂಥ ದೊಡ್ಡ ಅಪರಾಧ ನಡೆಯುವಾಗ ಯಾರಾದರೂ ಸತ್ತರೆ, ಅದರಲ್ಲಿ ಸೇರಿದವರೆಲ್ಲರ ತಲೆಗೂ ಕೊಲೆ ಬರುತ್ತದೆ ಎಂಬ ನಿಯಮ ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ. ಅವರಿಗೆ ಅದು ಬಂದದ್ದು ಇಂಗ್ಲೆಂಡಿನಿಂದ. ತಮಾಷೆ ನೋಡಿ, ಇಂಗ್ಲೆಂಡ್ 1957ರಲ್ಲೇ ಅದನ್ನು ಕೈಬಿಟ್ಟಿತು. ಕ್ಯಾಲಿಫೋರ್ನಿಯ 2018ರಲ್ಲಿ ಅದರ ಕೈಕಾಲು ಸಾಕಷ್ಟು ಕತ್ತರಿಸಿತು. ಅರ್ಕಾನ್ಸಾಸ್‌ನಂಥ ಕಡೆ ಇದರ ಜೊತೆಗೆ ಇನ್ನೊಂದು ನಿಯಮ ಸೇರಿಕೊಂಡಿತು. ಇಂಥ ಕೊಲೆಗೆ ಮರಣದಂಡನೆ, ಇಲ್ಲವೇ ಪೆರೋಲ್ ಇಲ್ಲದ ಜೀವಾವಧಿ. ಮಕ್ಕಳಿಗೆ ಮರಣದಂಡನೆ ಕೊಡುವಂತಿಲ್ಲ. ಉಳಿದದ್ದು ಒಂದೇ. ಎರಡು ನಿಯಮಗಳನ್ನೂ ಬೇರೆ ಬೇರೆಯಾಗಿ ನೋಡಿದರೆ ಸಮರ್ಥಿಸಿಕೊಳ್ಳಬಹುದೇನೋ. ಒಟ್ಟಿಗೆ ಸೇರಿದಾಗ ಮಾತ್ರ ಹುಡುಗನನ್ನು ಕಣ್ಣೆತ್ತಿಯೂ ನೋಡದೆ ಅವನ ಇಡೀ ಬದುಕು ತೀರ್ಮಾನವಾಗಿಬಿಡುತ್ತದೆ.

2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಡೆದದ್ದು ಇದನ್ನೇ. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಎಲೀನಾ ಕೇಗನ್. 18 ತುಂಬದವರಿಗೆ ಪೆರೋಲ್ ಇಲ್ಲದ ಜೀವಾವಧಿಯನ್ನು ಕಡ್ಡಾಯ ಮಾಡುವಂತಿಲ್ಲ ಎಂದರು. ಕಡ್ಡಾಯ ಮಾಡಿದರೆ 17ರವನಿಗೂ 14ರವನಿಗೂ, ಗುಂಡು ಹೊಡೆದವನಿಗೂ ಜೊತೆಗಿದ್ದವನಿಗೂ ಒಂದೇ ಶಿಕ್ಷೆಯಾಗುತ್ತದೆ ಎಂಬುದು ಅವರ ತಕರಾರು. ಈ ಹುಡುಗನ ಬಗ್ಗೆ ಅವರು ಬರೆದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಬಂದೂಕು ಇದೆ ಎಂದು ಗೊತ್ತಾದಾಗ ಅದರ ಅಪಾಯ ಅಳೆಯುವುದರ ಮೇಲೆ, ಅಲ್ಲಿಂದ ಹಿಂತಿರುಗಿ ನಡೆದುಬಿಡುವುದರ ಮೇಲೆ ಅವನ ವಯಸ್ಸು ಪರಿಣಾಮ ಬೀರಿರಬಹುದು ಎಂದಿದ್ದಾರೆ. ಅವನ ಅಮ್ಮ, ಅಜ್ಜಿ ಇಬ್ಬರೂ ಹಿಂದೆ ಬೇರೆಯವರ ಮೇಲೆ ಗುಂಡು ಹಾರಿಸಿದ್ದವರು ಎಂಬುದೂ ತೀರ್ಪಿನಲ್ಲಿದೆ. ಶಿಕ್ಷೆ ಕೊಡುವ ಮುಂಚೆ ಇದನ್ನೆಲ್ಲ ಯಾರಾದರೂ ಕೂತು ನೋಡಬೇಕಿತ್ತು ಎಂಬುದಷ್ಟೇ ಅವರ ಮಾತು.

ನೀವು ಕೇಳಿದ್ದು ‘ಗೊತ್ತಿದ್ದೂ ಹೋದನಲ್ಲ’ ಅಂತ. ಹೌದು. ಆದರೆ ಹದಿನಾಲ್ಕರ ಹುಡುಗ ಗೆಳೆಯರ ನಡುವೆ ‘ನಾನು ಬರಲ್ಲ ಕಣ್ರೋ’ ಅನ್ನೋದು ಎಷ್ಟು ಕಷ್ಟ ಅಂತ ಮನೆಯಲ್ಲಿ ಆ ವಯಸ್ಸಿನವರು ಇದ್ದವರಿಗೆಲ್ಲ ಗೊತ್ತು. ಹೆದರುಪುಕ್ಕಲ ಅನ್ನಿಸಿಕೊಳ್ಳೋ ಭಯದ ಮುಂದೆ ಜೈಲಿನ ಭಯ ಏನೂ ಅಲ್ಲ. ಅರ್ಧ ದೂರ ಹೋದ ಮೇಲೆ ಹಿಂದೆ ಉಳಿಯೋದು, ಒಳಗೆ ಹೋಗದೆ ಬಾಗಿಲಲ್ಲಿ ನಿಲ್ಲೋದು, ಆಮೇಲೆ ಏನಾಗ್ತಿದೆ ಅಂತ ತಾಳಲಾರದೆ ಒಳಗೆ ಇಣುಕೋದು. ಅವನ ನಡೆಯನ್ನು ನಾನು ಹೀಗೂ ಓದಬಲ್ಲೆ. ಪಾಲುದಾರನ ಹಾಗೆ ಒಳಗೆ ಬಂದ ಅಂತ ನೀವು ಓದಬಹುದು. ಯಾವುದು ಸರಿ ಅಂತ ನ್ಯಾಯಾಧೀಶರು ತೂಗಿ ನೋಡಿ ಅದಕ್ಕೆ ತಕ್ಕ ಶಿಕ್ಷೆ ಕೊಟ್ಟಿದ್ದರೆ, ಅದು ಕಠಿಣವೇ ಆಗಿದ್ದರೂ, ನಾನು ಸುಮ್ಮನಿರುತ್ತಿದ್ದೆ.

ಇನ್ನು ಸತ್ತ ಹೆಂಗಸಿನ ವಿಷಯ. ಇದು ನಿಮ್ಮ ಪತ್ರದ ಅತ್ಯಂತ ಗಟ್ಟಿ ಭಾಗ. ದುಡ್ಡು ಕೊಡಲ್ಲ ಎಂದ ಧೈರ್ಯವಂತೆ ಆಕೆ. ಹುಡುಗನಿಗೆ ಶಿಕ್ಷೆ ಕಮ್ಮಿ ಮಾಡಿದರೆ ಆಕೆಯ ಜೀವಕ್ಕೆ ಬೆಲೆ ಕಮ್ಮಿ ಮಾಡಿದ ಹಾಗೆ ಅಂತ ನಿಮಗೆ ಅನ್ನಿಸುತ್ತದೆ. ನನಗೆ ಅನ್ನಿಸೋದು ಬೇರೆ. ಟ್ರಿಗರ್ ಎಳೆದವನಿಗೂ ಬಾಗಿಲಲ್ಲಿ ನಿಂತವನಿಗೂ ಒಂದೇ ಶಿಕ್ಷೆ ಅಂದರೆ, ಟ್ರಿಗರ್ ಎಳೆದ ಕೈಗೆ ಕಾನೂನು ಹೆಚ್ಚಿಗೆ ಏನನ್ನೂ ಹೇಳಲಿಲ್ಲ ಅಂತಲೇ ಅರ್ಥ. ಆಕೆಯನ್ನು ಕೊಂದದ್ದು ಆ ಕೈ. ಇನ್ನೂ ಒಂದಿದೆ. ಹೇಗಿದ್ದರೂ ಒಂದೇ ಶಿಕ್ಷೆ ಅಂತಾದರೆ, ಹೊರಗೆ ನಿಂತವನು ‘ಬೇಡ ಕಣೋ, ಬಾರೋ ಹೋಗೋಣ’ ಅನ್ನಲು, ಗುಂಡು ಬಿದ್ದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಲು ಕಾನೂನಿನ ಕಡೆಯಿಂದ ಯಾವ ಕಾರಣವೂ ಉಳಿಯೋದಿಲ್ಲ. ಆ ವಯಸ್ಸಿನವರು ಇಷ್ಟೆಲ್ಲ ಲೆಕ್ಕ ಹಾಕುತ್ತಾರಾ ಅಂತ ನೀವು ನನ್ನ ಮಾತನ್ನೇ ನನಗೆ ತಿರುಗಿಸಬಹುದು. ಸರಿ. ಲೆಕ್ಕ ಹಾಕಲ್ಲ ಅನ್ನೋದಾದರೆ, ಇಷ್ಟು ಕಠಿಣ ಶಿಕ್ಷೆ ಇಟ್ಟರೆ ಹೆದರಿ ಅಪರಾಧ ಮಾಡಲ್ಲ ಎಂಬ ವಾದವೂ ಅಲ್ಲೇ ಬಿತ್ತು.

ದೊಡ್ಡವರ ವಿಷಯದಲ್ಲೇ ಅದೇ ಸುಪ್ರೀಂ ಕೋರ್ಟ್ 1982ರಲ್ಲಿ ಈ ವ್ಯತ್ಯಾಸ ಒಪ್ಪಿಕೊಂಡಿತ್ತು. ಫ್ಲಾರಿಡಾದ ತೋಟದ ಮನೆಯೊಂದರಲ್ಲಿ ವಯಸ್ಸಾದ ದಂಪತಿಯನ್ನು ದರೋಡೆ ಮಾಡಿ ಕೊಂದರು. ಒಬ್ಬ ಓಡಿಹೋಗಲು ಕಾರು ಇಟ್ಟುಕೊಂಡು ರಸ್ತೆಯಲ್ಲಿ ಕಾಯುತ್ತಿದ್ದ. ತಾನೂ ಕೊಲ್ಲದ, ಕೊಲ್ಲಬೇಕು ಅಂತಲೂ ಅಂದುಕೊಳ್ಳದ ಅವನಿಗೆ ಮರಣದಂಡನೆ ಕೊಡುವಂತಿಲ್ಲ ಎಂದಿತು ಕೋರ್ಟು. ದೊಡ್ಡವನಿಗೆ ಸಿಕ್ಕ ಆ ಗಮನ ಹುಡುಗನಿಗೆ ಸಿಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ತೀರ್ಪನ್ನು ಒಪ್ಪದ ನಾಲ್ವರೂ ಕಲ್ಲು ಹೃದಯದವರೇನಲ್ಲ. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ರಾಬರ್ಟ್ಸ್, ಇದು ನೀತಿಯ ದೊಡ್ಡ ಪ್ರಶ್ನೆ ನಿಜ, ಆದರೆ ಉತ್ತರ ಹೇಳಬೇಕಾದ್ದು ಶಾಸನಸಭೆ, ನಾವಲ್ಲ ಎಂದರು. ಆಗ ದೇಶದಲ್ಲಿ ಸುಮಾರು 2,500 ಜನ 18 ತುಂಬುವ ಮುಂಚೆ ಮಾಡಿದ ಕೊಲೆಗೆ ಇದೇ ಶಿಕ್ಷೆ ಅನುಭವಿಸುತ್ತಿದ್ದರು, ಇದನ್ನು ಸಂವಿಧಾನ ಬೇಡವೆನ್ನುವ ‘ಕ್ರೂರ ಮತ್ತು ಅಪರೂಪದ’ ಶಿಕ್ಷೆ ಅನ್ನಲು ಹೇಗೆ ಸಾಧ್ಯ ಎಂದೂ ಕೇಳಿದರು. ಆ ಸಂಖ್ಯೆ ನೋಡಿ ನನಗೆ ಅವರಂದುಕೊಂಡದ್ದಕ್ಕೆ ತದ್ವಿರುದ್ಧ ಅನ್ನಿಸಿತು, ಅದು ಬೇರೆ ಮಾತು.

ತೀರ್ಪು ಬಂದ ಕೂಡಲೇ ಎಲ್ಲರಿಗೂ ಜೈಲಿನ ಬಾಗಿಲು ತೆರೆಯಿತು ಅಂತಲೂ ಅಂದುಕೊಳ್ಳಬೇಡಿ. ಇದರ ಜೊತೆಗೇ ವಿಚಾರಣೆಯಾದ ಇನ್ನೊಂದು ಪ್ರಕರಣ ಅಲಬಾಮಾದ್ದು. ಅಲ್ಲೂ ಹುಡುಗನ ವಯಸ್ಸು 14, ಆದರೆ ಅವನು ಕೊಲೆಯಲ್ಲಿ ತಾನೇ ಕೈ ಹಾಕಿದವನು. ಹೊಸದಾಗಿ ವಿಚಾರಣೆ ನಡೆದು, ಎಲ್ಲವನ್ನೂ ತೂಗಿ ನೋಡಿ, 2021ರಲ್ಲಿ ಅವನಿಗೆ ಮತ್ತೆ ಅದೇ ಶಿಕ್ಷೆ ಕೊಟ್ಟರು. ಅರ್ಕಾನ್ಸಾಸ್ ಹುಡುಗನ ವಿಷಯದಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು 10ರಿಂದ 40 ವರ್ಷ ಅಥವಾ ಜೀವಾವಧಿ, ಈ ಮಿತಿಯೊಳಗೆ ಹೊಸದಾಗಿ ಶಿಕ್ಷೆ ತೀರ್ಮಾನಿಸಿ ಎಂದಿತು. ಅವನು 2017ರಲ್ಲಿ ಹೊರಬಂದ. ಆಗ ಅವನಿಗೆ ಮೂವತ್ತು ದಾಟಿತ್ತು. ಯೌವನವೆಲ್ಲ ಒಳಗೇ ಕಳೆದಿತ್ತು. ಶಿಕ್ಷೆಯೇ ಆಗಲಿಲ್ಲ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಮೂರೇ ವರ್ಷ ಅಂತೀರಲ್ಲ, ಅದು ಅರ್ಧ ಸತ್ಯ. 2012ರ ದೆಹಲಿ ಪ್ರಕರಣದಲ್ಲಿ ಬಾಲಾಪರಾಧಿಗೆ ಆದದ್ದು ಮೂರು ವರ್ಷ, ಅವನು 2015ರ ಡಿಸೆಂಬರ್‌ನಲ್ಲಿ ಹೊರಬಂದ. ದೇಶವೇ ಕುದಿಯಿತು. ಎರಡೇ ದಿನದಲ್ಲಿ ರಾಜ್ಯಸಭೆ ಹೊಸ ಬಾಲನ್ಯಾಯ ಮಸೂದೆ ಪಾಸು ಮಾಡಿತು. ಈಗ 16ರಿಂದ 18ರೊಳಗಿನವರು ಕೊಲೆಯಂಥ ಘೋರ ಅಪರಾಧ ಮಾಡಿದರೆ, ಬಾಲನ್ಯಾಯ ಮಂಡಳಿ ಮೊದಲು ಅವರನ್ನು ಪರೀಕ್ಷಿಸುತ್ತದೆ. ಅಂಥ ಕೆಲಸ ಮಾಡುವ ಮಾನಸಿಕ, ದೈಹಿಕ ಶಕ್ತಿ ಇತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸನ್ನಿವೇಶದಲ್ಲಿ ನಡೆಯಿತು? ಆಮೇಲೆ ಬೇಕೆಂದರೆ ದೊಡ್ಡವರ ಹಾಗೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮೂರು ವರ್ಷಕ್ಕಿಂತ ಎಷ್ಟೋ ಜಾಸ್ತಿ ಶಿಕ್ಷೆ ಆಗಬಹುದು. 21ರವರೆಗೆ ಜೈಲಲ್ಲದ ‘ಸುರಕ್ಷತಾ ಸ್ಥಳ’ದಲ್ಲಿಟ್ಟು, ಆಮೇಲೆ ಮತ್ತೆ ಅವನನ್ನು ನೋಡಿ ತೀರ್ಮಾನಿಸುತ್ತಾರೆ. ಮರಣದಂಡನೆ ಇಲ್ಲ. ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. 16 ತುಂಬದವರಿಗೆ ಮಾತ್ರ ಈಗಲೂ ಗರಿಷ್ಠ ಮೂರು ವರ್ಷ. ಹಾಗಾಗಿ ಅರ್ಕಾನ್ಸಾಸ್ ಹುಡುಗನಂಥವನು ದಾವಣಗೆರೆಯಲ್ಲಿದ್ದಿದ್ದರೆ ನಿಮ್ಮ ಮಾತೇ ನಿಜವಾಗುತ್ತಿತ್ತು. ಗುಂಡು ಹೊಡೆದವನಿಗೇ 14 ಆಗಿದ್ದರೆ ಮೂರು ವರ್ಷ ಸಾಕೇ ಅಂತ ಕೇಳಿದರೆ, ನನಗೂ ಅದು ತೀರಾ ಕಮ್ಮಿ ಅನ್ನಿಸುತ್ತದೆ. ಜೊತೆಗೆ ನಿಂತವನಿಗೆ ಹಾಗನ್ನಿಸಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಜಾಸ್ತಿ ಕಾಡುವುದು ಅದೇ. 1923ರಲ್ಲಿ ಕಲ್ಕತ್ತಾದ ಶಂಕರಿತೋಲಾ ಅಂಚೆ ಕಚೇರಿಗೆ ಕೆಲವರು ನುಗ್ಗಿ, ದುಡ್ಡು ಎಣಿಸುತ್ತಿದ್ದ ಪೋಸ್ಟ್‌ಮಾಸ್ಟರರನ್ನು ಗುಂಡಿಟ್ಟು ಕೊಂದರು. ಸಿಕ್ಕಿಬಿದ್ದ ಒಬ್ಬ, ನಾನು ಹೊರಗೆ ಅಂಗಳದಲ್ಲಿ ಹೆದರಿಕೊಂಡು ನಿಂತಿದ್ದೆ ಅಷ್ಟೇ ಎಂದ. ಆಗ ನಮ್ಮ ದೇಶದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಅಪರಾಧದಲ್ಲಿ ಸುಮ್ಮನೆ ನಿಂತು ಕಾದವರೂ ಕೆಲಸ ಮಾಡಿದವರೇ ಎಂಬ ಅರ್ಥದ ಅದರ ಮಾತನ್ನು ನಮ್ಮ ಕೋರ್ಟುಗಳು ಇವತ್ತಿಗೂ ಎತ್ತಿ ಹೇಳುತ್ತವೆ. ಐಪಿಸಿ 34 ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ, ಎಲ್ಲರದೂ ಸಮಾನ ಉದ್ದೇಶ ಅನ್ನುವ ಕಲಮು. ಹೊಸ ನ್ಯಾಯ ಸಂಹಿತೆಯಲ್ಲಿ ಅದು 3(5) ಆಗಿದೆ. ಸಮಾನ ಉದ್ದೇಶ ಇತ್ತು ಅಂತ ಸಾಬೀತಾಗಬೇಕು, ಅಷ್ಟರಮಟ್ಟಿಗೆ ಅಮೆರಿಕದ ನಿಯಮಕ್ಕಿಂತ ವಾಸಿ. ಆದರೆ ಸಾಬೀತಾದರೆ ಕೊಲೆಗೆ ಶಿಕ್ಷೆ ಎರಡೇ: ಮರಣದಂಡನೆ ಅಥವಾ ಜೀವಾವಧಿ. ಅದಕ್ಕಿಂತ ಕೆಳಗೆ ಇಳಿಯಲು ನ್ಯಾಯಾಧೀಶರಿಗೆ ದಾರಿಯಿಲ್ಲ. 17 ವರ್ಷ 11 ತಿಂಗಳಿನವನನ್ನು ಕೂರಿಸಿಕೊಂಡು ಪರೀಕ್ಷಿಸುವ ಕಾನೂನು, 18 ತುಂಬಿ ಒಂದು ತಿಂಗಳಾದವನಿಗೆ ಜೀವಾವಧಿ ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಶಿಕ್ಷೆಯಲ್ಲಿ ರಿಯಾಯಿತಿ ಸಿಕ್ಕರೂ ಸಾಮಾನ್ಯವಾಗಿ ಕನಿಷ್ಠ 14 ವರ್ಷ ಒಳಗಿರಬೇಕು. ಅವನೂ ಟೀನೇಜ್ ಹುಡುಗನೇ ಅಲ್ವಾ? ಅಮೆರಿಕದವರ ತಪ್ಪು ನಮಗೆ ಬೇಗ ಕಾಣುತ್ತದೆ, ಇದು ಕಾಣೋದಿಲ್ಲ.

ಚಂದಾ ವಿಷಯ ನಿಮಗೆ ಬಿಟ್ಟದ್ದು. ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಭಾಗವಿತ್ತು. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಅಂಗಡಿಯಲ್ಲಿ ಮಗಳು ಒಬ್ಬಳೇ ಇರುತ್ತಾಳೆ, ಕ್ಯಾಶ್ ಲೆಕ್ಕ ಮುಗಿಯುವ ತನಕ ನೀವು ಫೋನ್ ಕಟ್ ಮಾಡದೆ ಹಿಡಿದುಕೊಂಡೇ ಇರುತ್ತೀರಿ ಎಂದು ಬರೆದಿದ್ದೀರಿ. ಅದನ್ನು ಹೆಸರು, ಊರು ಹಾಕದೆ ಬೇರೆಯಾಗಿ ಪ್ರಕಟಿಸಬೇಕು ಅಂತ ನನಗಿದೆ. ಮಗಳನ್ನೂ ಒಂದು ಮಾತು ಕೇಳಿ, ಆಗಬಹುದು ಅಂದರೆ ಕಚೇರಿಗೆ ಒಂದು ಸಾಲು ಬರೆದು ಹಾಕಿ.

ಸಂಪಾದಕ