ರೇಡಿಯೇಷನ್ ಆದ ಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತೆ ಬಂದರೆ ಹಾರ್ಮೋನ್ ಇಂಜೆಕ್ಷನ್ ಒಂದೇ ದಾರಿಯಾ?

ನಿಮ್ಮ ತಂದೆಗೆ ರೇಡಿಯೇಷನ್ ಮುಗಿದು ಆರು ವರ್ಷ. ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟಿನ ಸ್ಥಿತಿ ತಿಳಿಸುವ ಪಿಎಸ್‌ಎ ಅಂಕಿ 0.4ಕ್ಕೆ ಇಳಿದಿದ್ದದ್ದು ಈಗ 2.9 ಆಗಿದೆ. ಹಾರ್ಮೋನ್ ಇಂಜೆಕ್ಷನ್ ಶುರು ಮಾಡೋಣ ಅಂದಿದ್ದಾರೆ, ಬೇರೆ ದಾರಿ ಇಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮಪ್ಪನಿಗೂ ಹೀಗೇ ಆಗಿತ್ತು, ಪ್ರತಿ ಸಲ ಜೊತೆಗೆ ಹೋಗಿ ಕೂತಿದ್ದವಳು ನಾನು. ಆ ಅನುಭವದಿಂದ ಹೇಳುತ್ತೇನೆ. ದಾರಿ ಇರಬಹುದು. ಆದರೆ ಮೊದಲ ಇಂಜೆಕ್ಷನ್‌ಗೆ ಮುಂಚೆ ಕ್ಯಾನ್ಸರ್ ಎಲ್ಲಿದೆ ಅಂತ ಪತ್ತೆ ಮಾಡಿಸಿ.

ಅಪ್ಪ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ತಾರೀಕು, ಪಿಎಸ್‌ಎ ಎರಡೇ ಬರೆಯುತ್ತಿದ್ದರು. 0.5, 0.5, 0.9, 1.6, 2.6. ಕೊನೆಯ ಅಂಕಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ನನ್ನ ಮುಂದೆ ಇಟ್ಟರು, ಏನೂ ಮಾತಾಡಲಿಲ್ಲ. ರೇಡಿಯೇಷನ್ ನಂತರ ಪಿಎಸ್‌ಎ ಎಷ್ಟು ಕೆಳಗೆ ಇಳಿದಿತ್ತೋ ಅದಕ್ಕೆ 2 ಕೂಡಿಸಿ, ಅದನ್ನು ದಾಟಿದರೆ ಕ್ಯಾನ್ಸರ್ ಮರಳಿದೆ ಅಂತ ಲೆಕ್ಕ. ಫೀನಿಕ್ಸ್ ಲೆಕ್ಕ ಅಂತಾರೆ. ನಿಮ್ಮ ತಂದೆಯದು ಆ ಗೆರೆ ದಾಟಿದೆ. ಮೊದಲ ಎರಡು ಮೂರು ವರ್ಷದಲ್ಲಿ ಕೆಲವರಿಗೆ ಪಿಎಸ್‌ಎ ಸ್ವಲ್ಪ ಏರಿ ತಾನೇ ಇಳಿಯುವುದೂ ಉಂಟು. ಆದರೆ ಆರು ವರ್ಷ ಆದಮೇಲೆ ಬಿಡದೆ ಏರುತ್ತಿದ್ದರೆ ಹುಡುಕಲೇಬೇಕು. ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಅನ್ನೋದನ್ನೂ ಕೇಳಿ. ನಿಧಾನವಾಗಿ ಏರುತ್ತಿದ್ದರೆ ಯೋಚನೆ ಮಾಡಲು ಸಮಯ ಇದೆ ಅಂತ ಅರ್ಥ.

ನಮಗೂ ಮೊದಲು ನೋಡಿದ ಡಾಕ್ಟರ್ ಅವತ್ತೇ ಇಂಜೆಕ್ಷನ್ ಬರೆದುಕೊಟ್ಟಿದ್ದರು. ನಾವು ಹಾಕಿಸದೆ ಇನ್ನೊಬ್ಬರ ಹತ್ತಿರ ಹೋದೆವು. ಅವರು ಹೇಳಿದ್ದು ಇಷ್ಟು: ಹಾರ್ಮೋನ್ ಇಂಜೆಕ್ಷನ್ ಕ್ಯಾನ್ಸರನ್ನು ತಡೆದು ಹಿಡಿಯುತ್ತದೆ, ಬೇರುಸಮೇತ ತೆಗೆಯುವುದಿಲ್ಲ. ಶುರು ಮಾಡಿದರೆ ಪಿಎಸ್‌ಎ ಇಳಿದುಬಿಡುತ್ತದೆ, ಆಮೇಲೆ ಬಯಾಪ್ಸಿ (ಗ್ರಂಥಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು), ಸ್ಕ್ಯಾನ್ ಓದುವುದು ಕಷ್ಟವಾಗಬಹುದು. ಮೈ ಬಿಸಿಯೇರುವುದು, ಮೂಳೆ ಸವೆಯುವುದು, ಸುಸ್ತು ಬೇರೆ. ಹೊರಗೆ ಹರಡಿದ್ದರೆ ಹಾರ್ಮೋನೇ ಸರಿಯಾದ ಮದ್ದು. ಪ್ರಾಸ್ಟೇಟ್ ಗ್ರಂಥಿಯೊಳಗೆ ಮಾತ್ರ ಇದ್ದರೆ ಗುಣಪಡಿಸಲು ಇನ್ನೊಂದು ಅವಕಾಶ ಇರುತ್ತದೆ. ಅದನ್ನು ನೋಡದೇ ಕೈಬಿಡಬಾರದು ಅಲ್ವಾ?

ಹಾಗಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಅಂತ ಹೊಳೆಯಿಸಿ ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆಯಿತು. ಲಿಂಫ್ ಗಂಟು, ಮೂಳೆ ಎಲ್ಲ ಸ್ವಚ್ಛ, ಪ್ರಾಸ್ಟೇಟಿನ ಎಡಭಾಗದಲ್ಲಿ ಮಾತ್ರ ಒಂದು ಚುಕ್ಕೆ ಹೊಳೆಯುತ್ತಿತ್ತು. ಎಂಆರ್‌ಐನಲ್ಲೂ ಅದೇ ಜಾಗ. ಕೊನೆಗೆ ಬಯಾಪ್ಸಿ. ಸ್ಕ್ಯಾನ್ ಒಂದನ್ನೇ ನಂಬಿ ಮತ್ತೆ ಚಿಕಿತ್ಸೆ ಕೊಡಬಾರದು ಅಂತ ಡಾಕ್ಟರ್ ಕಡ್ಡಾಯ ಮಾಡಿದರು.

ಚಿಕಿತ್ಸೆಗಳು ಹಲವು. ಆಪರೇಷನ್ ಮಾಡಿ ಗ್ರಂಥಿ ತೆಗೆಯುವುದು, ಚಳಿ ಕೊಟ್ಟು ಹೆಪ್ಪುಗಟ್ಟಿಸುವ ಕ್ರಯೋ, ಅಲ್ಟ್ರಾಸೌಂಡ್ ಶಾಖದಿಂದ ಸುಡುವ ಹೈಫು, ಹೊರಗಿನಿಂದಲೇ ಗುರಿಯಿಟ್ಟು ರೇಡಿಯೇಷನ್ ಕೊಡುವ ಎಸ್‌ಬಿಆರ್‌ಟಿ, ಗ್ರಂಥಿಯ ಒಳಗಿಂದ ರೇಡಿಯೇಷನ್ ಕೊಡುವ ಬ್ರೇಕಿಥೆರಪಿ. 150 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2021ರಲ್ಲಿ ಪ್ರಕಟವಾಯಿತು. ಐದು ವರ್ಷ ಕ್ಯಾನ್ಸರ್ ಮರಳದೇ ಇದ್ದವರು ಯಾವ ದಾರಿಯಲ್ಲೂ ಸುಮಾರು ನೂರಕ್ಕೆ 50ರಿಂದ 60 ಜನ. ವ್ಯತ್ಯಾಸ ಇದ್ದದ್ದು ಅಡ್ಡಪರಿಣಾಮದಲ್ಲಿ. ಮೂತ್ರದ ಗಂಭೀರ ತೊಂದರೆ ಆಪರೇಷನ್ ಮತ್ತು ಹೈಫುವಿನಲ್ಲಿ ಶೇ. 21ಕ್ಕಿಂತ ಜಾಸ್ತಿ, ಎಸ್‌ಬಿಆರ್‌ಟಿ ಅಥವಾ ಬ್ರೇಕಿಥೆರಪಿಯಲ್ಲಿ ಎರಡನೇ ಸಲ ರೇಡಿಯೇಷನ್ ಪಡೆದವರಲ್ಲಿ ಶೇ. 4ರಿಂದ 8ರ ಆಸುಪಾಸು. ರೇಡಿಯೇಷನ್ ಆದ ಜಾಗ ಗಟ್ಟಿಯಾಗಿ ಅಕ್ಕಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಅದಕ್ಕೇ ಬಿಡಿಸಿ ತೆಗೆಯುವುದು ಕಷ್ಟ. ಹಾಗಂತ ಆಪರೇಷನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಪಳಗಿದ ಕೈ ಸಿಗಬೇಕು ಅಷ್ಟೇ.

ಅಪ್ಪ ಬ್ರೇಕಿಥೆರಪಿ ಆರಿಸಿಕೊಂಡರು. ಪ್ರಜ್ಞೆ ತಪ್ಪಿಸಿ, ವೃಷಣದ ಚೀಲಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ ತೆಳುವಾದ ಟೊಳ್ಳು ಸೂಜಿಗಳನ್ನು ಪ್ರಾಸ್ಟೇಟಿಗೆ ಇಳಿಸುತ್ತಾರೆ. ತಂತಿಯ ತುದಿಯಲ್ಲಿರುವ, ವಿಕಿರಣ ಸೂಸುವ ಇರಿಡಿಯಂ ಲೋಹದ ಚೂರು ಒಂದೊಂದು ಸೂಜಿಗೂ ಹೋಗಿ ಕೆಲವು ಸೆಕೆಂಡ್ ನಿಂತು ವಾಪಸ್ ಬರುತ್ತದೆ. ಮೈಯಲ್ಲಿ ವಿಕಿರಣ ಏನೂ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ತೊಡೆಮೇಲೆ ಕೂರಿಸಿಕೊಳ್ಳಬಹುದು. ಅಪ್ಪ ಮೊದಲು ಕೇಳಿದ್ದೇ ಅದು. ಆಮೇಲಿನ ಆರು ವಾರ ಸುಲಭ ಇರಲಿಲ್ಲ. ಉರಿಮೂತ್ರ, ರಾತ್ರಿ ಐದು ಸಲ ಏಳುವುದು, ಬಚ್ಚಲಿನ ಬಾಗಿಲಿಗೆ ತಲೆ ಆನಿಸಿ ನಿಂತಿರುತ್ತಿದ್ದರು. ಮಾತ್ರೆ ಕೊಟ್ಟ ಮೇಲೆ ನಿಧಾನಕ್ಕೆ ಸರಿಹೋಯಿತು. ಎರಡು ವರ್ಷ ಆಗಿದೆ, ನೋಟ್‌ಬುಕ್‌ನಲ್ಲಿ ಕೊನೆಯ ಅಂಕಿ 0.3. ವಾಸಿಯಾಯಿತು ಅಂತ ಯಾರೂ ಹೇಳಿಲ್ಲ, ನಾವೂ ಅಂದುಕೊಂಡಿಲ್ಲ.

ಅಂದ ಹಾಗೆ, ತುಂಬಾ ವಯಸ್ಸಾಗಿದ್ದು, ಹೃದಯದ ಕಾಯಿಲೆ ಇದ್ದು, ಪಿಎಸ್‌ಎ ನಿಧಾನವಾಗಿ ಏರುತ್ತಿದ್ದರೆ ಏನೂ ಮಾಡದೆ ಗಮನಿಸುತ್ತಾ ಇರುವುದೂ ಸರಿಯಾದ ನಿರ್ಧಾರವೇ. ಅದು ಕೈಚೆಲ್ಲಿದ ಹಾಗಲ್ಲ.

ಯೂರಾಲಜಿಸ್ಟ್ ಮತ್ತು ರೇಡಿಯೇಷನ್ ಡಾಕ್ಟರ್ ಇಬ್ಬರನ್ನೂ ಕಾಣಿ. ರೇಡಿಯೇಷನ್ ಆದ ಪ್ರಾಸ್ಟೇಟಿಗೆ ಇಲ್ಲಿಯವರೆಗೆ ಎಷ್ಟು ಜನಕ್ಕೆ ಚಿಕಿತ್ಸೆ ಕೊಟ್ಟಿದ್ದೀರಿ ಅಂತ ಸಂಕೋಚಪಡದೆ ಕೇಳಿ. ಈಗ ಮೂತ್ರ ಸರಾಗವಾಗಿ ಹೋಗುತ್ತಿದೆಯಾ ಅನ್ನೋದನ್ನು ತಂದೆಯಿಂದ ತಿಳಿದುಕೊಂಡು ಹೇಳಿ, ಆಯ್ಕೆ ಮಾಡುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ರೇಡಿಯೇಷನ್‌ನಲ್ಲಿ ಎಷ್ಟು ಡೋಸ್, ಯಾವ ಭಾಗಕ್ಕೆ ಕೊಟ್ಟರು ಅನ್ನೋ ದಾಖಲೆ ಬೇಕೇ ಬೇಕು, ಅದಿಲ್ಲದೆ ಮತ್ತೆ ರೇಡಿಯೇಷನ್ ಯೋಜನೆ ಹಾಕುವುದು ಕಷ್ಟ. ನಮಗೆ ಅದು ಸಿಗಲು ಮೂರು ವಾರ ಹಿಡಿಯಿತು. ನೀವು ಆ ಫೈಲನ್ನು ಇವತ್ತೇ ಹುಡುಕಿಡಿ.