ಅಪ್ಪನಿಗೆ ಅಕ್ಷರ ಚೆನ್ನಾಗಿ ಕಾಣುತ್ತೆ, ಮೆಟ್ಟಿಲು ಮಾತ್ರ ತಪ್ಪುತ್ತೆ. ಕನ್ನಡಕ ಬದಲಿಸಿದರೆ ಸಾಕಾ?

ನಿಮ್ಮ ಅಪ್ಪ ಪೇಪರು ಸಲೀಸಾಗಿ ಓದುತ್ತಾರೆ, ಆದರೆ ಠಾಣೆಯ ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿದ್ದಾರೆ. ಗ್ಲಾಕೋಮಾ (ಕಣ್ಣಿನ ನರ ಸಾಯುತ್ತಾ ಹೋಗುವ ಕಾಯಿಲೆ) ಇದ್ದವರಿಗೆ ಹೀಗೆ ಕಾಣುತ್ತೆ ಅಂತ ನೆಟ್‌ನಲ್ಲಿ ಸಿಕ್ಕ ಚಿತ್ರ ತೋರಿಸಿ 'ಹೀಗೆ ಸುತ್ತ ಕಪ್ಪು ಕಾಣುತ್ತಾ?' ಅಂತ ಕೇಳಿದಿರಿ, ಇಲ್ಲ ಅಂದರು. ಅಷ್ಟಕ್ಕೇ ಅದನ್ನು ಕೈಬಿಟ್ಟು, ಈಗ ಕನ್ನಡಕ ಬದಲಿಸುವುದಾ, ದೀಪಾವಳಿಗೆ ಊರಿಗೆ ಹೋದಾಗ ತೋರಿಸುವುದಾ ಅಂತ ಯೋಚಿಸುತ್ತಿದ್ದೀರಿ. ಎರಡೂ ಬೇಡ. ನಿಮ್ಮ ಅಪ್ಪನ ಜಾಗದಲ್ಲಿ ನಾನೇ ಇದ್ದೆ.

ಮುಂಬಯಿಯ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವುದು ನನ್ನ ಕೆಲಸ. ಬಿಲ್ ಕೊಡದೆ ಮೂಲೆ ಟೇಬಲಿಂದ ಎದ್ದವನನ್ನು ಕೂತಲ್ಲೇ ಹಿಡಿಯುತ್ತಿದ್ದೆ. ಆದರೆ ಗಲ್ಲೆ ಮೇಲೆ ಹುಡುಗ ಇಟ್ಟು ಹೋದ ಚಹಾ ಲೋಟ ವಾರಕ್ಕೊಂದಾದರೂ ಉರುಳುತ್ತಿತ್ತು. ದಾದರ್ ಬ್ರಿಜ್ಜು ಇಳಿಯುವಾಗ ಕೊನೆಯ ಮೆಟ್ಟಿಲು ನನಗೆ ಮಾತ್ರ ಇರುತ್ತಿರಲಿಲ್ಲ. ಆಗ 47 ವರ್ಷ. ಚಾಳೀಸು ಬರುವ ವಯಸ್ಸು, ನಂಬರು ಏರಿರಬೇಕು ಅಂದುಕೊಂಡೆ.

ನನ್ನ ತಪ್ಪು ಇಲ್ಲೇ ಆಗಿದ್ದು. ಮೂರು ವರ್ಷದಲ್ಲಿ ಮೂರು ಸಲ ಕನ್ನಡಕದ ಅಂಗಡಿಗೆ ಹೋದೆ, ಕಣ್ಣಿನ ಡಾಕ್ಟರ ಹತ್ತಿರ ಒಂದು ಸಲವೂ ಹೋಗಲಿಲ್ಲ. ಅಂಗಡಿಯವನು ಅಕ್ಷರದ ಬೋರ್ಡು ತೋರಿಸುತ್ತಿದ್ದ. ನಾನು ಕೊನೆಯ ಸಾಲಿನ ತನಕ ಗಡಗಡ ಓದಿ, ಪರೀಕ್ಷೆ ಪಾಸಾದ ಹುಡುಗನ ಹಾಗೆ ಫ್ರೇಮು ಆರಿಸುತ್ತಿದ್ದೆ. ಆ ಬೋರ್ಡು ನೋಡುವುದು ನೋಟದ ನಟ್ಟನಡುವಿನ ಚೂರನ್ನು ಮಾತ್ರ. ಗ್ಲಾಕೋಮಾ ಸಾಮಾನ್ಯವಾಗಿ ಆ ಚೂರನ್ನು ಕೊನೆಗೆ ಮುಟ್ಟುತ್ತೆ, ಅದಕ್ಕೂ ಮೊದಲು ಅಕ್ಕಪಕ್ಕ, ಮೇಲೆ ಕೆಳಗೆ ತಿನ್ನುತ್ತಾ ಬರುತ್ತೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸಾಯುತ್ತಿರುವಾಗಲೂ ಮನುಷ್ಯ ಬೋರ್ಡನ್ನು 6/6, ಅಂದರೆ ಒಂದೂ ತಪ್ಪದೆ, ಓದಬಲ್ಲ. ಅಂಗಡಿಯವನದು ತಪ್ಪಲ್ಲ, ನಂಬರು ಕೇಳಿದೆ, ನಂಬರು ಕೊಟ್ಟ. ಊರಲ್ಲಿ ಅಮ್ಮ ದಿನಾ ರಾತ್ರಿ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದದ್ದನ್ನು ನೋಡಿಯೂ, ಅದು ಯಾತಕ್ಕೆ ಅಂತ ಒಂದು ಸಲ ಕೇಳಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು.

ಗೊತ್ತಾದದ್ದು ಒಂದು ಹುಳದಿಂದ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬರುವಾಗ ಬಲಗಣ್ಣಿಗೆ ಬಿತ್ತು. ಕರವಸ್ತ್ರ ಒತ್ತಿಕೊಂಡೇ ಗಲ್ಲೆಗೆ ಬಂದು ಕೂತು ಗಡಿಯಾರ ನೋಡಿದೆ. ಗಡಿಯಾರ ಸ್ಪಷ್ಟ, ಸೆಕೆಂಡಿನ ಮುಳ್ಳೂ ಕಾಣುತ್ತಿತ್ತು. ಅದರ ಕೆಳಗೆ ನಿಂತು 'ಅಣ್ಣಾ, ಚಿಲ್ಲರೆ' ಅನ್ನುತ್ತಿದ್ದ ಹುಡುಗ ಇರಲಿಲ್ಲ. ಕಪ್ಪಲ್ಲ, ಮಂಜಲ್ಲ. ಅವನಿದ್ದ ಕಡೆ ಸುಮ್ನೆ ಗೋಡೆಯ ಬಣ್ಣವೇ ಮುಂದುವರಿದಿತ್ತು.

ಹಾಗಾಗಿ ಆ ಚಿತ್ರವನ್ನು ನಂಬಬೇಡಿ. ನರ ಕಣ್ಣಿನಿಂದ ಹೊರಡುವ ಕಡೆ ಎಲ್ಲರ ಕಣ್ಣಲ್ಲೂ ಒಂದು ಕುರುಡು ಜಾಗ ಇದೆ, ನಿಮಗೆ ಯಾವತ್ತಾದರೂ ಅಲ್ಲಿ ಕಪ್ಪು ಚುಕ್ಕೆ ಕಂಡಿದೆಯಾ? ಮಿದುಳು ಅಕ್ಕಪಕ್ಕದ್ದನ್ನು ಎಳೆದು ತೇಪೆ ಹಾಕುತ್ತೆ. ಸಾಲದ್ದಕ್ಕೆ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚುತ್ತೆ. ಬ್ರಿಟನ್ನಿನವರು 2013ರಲ್ಲಿ 50 ಗ್ಲಾಕೋಮಾ ರೋಗಿಗಳಿಗೆ ಬೇರೆ ಬೇರೆ ಚಿತ್ರ ತೋರಿಸಿ ನಿಮಗೆ ಕಾಣುವುದು ಯಾವುದು ಅಂತ ಕೇಳಿದ್ದರು. ಕಪ್ಪು ಸುರಂಗದ ಚಿತ್ರ ಒಬ್ಬರೂ ಆರಿಸಲಿಲ್ಲ.

ಬೇರೆ ತೊಂದರೆಗಳು ಹೀಗಲ್ಲ. ನಮ್ಮ ಭಟ್ಟರಿಗೆ ಪೊರೆ ಬಂದಾಗ ಎದುರಿನ ಗಾಡಿಯ ಲೈಟು ಬಾಣಬಿರುಸಿನ ಹಾಗೆ ಕೆದರುತ್ತಿತ್ತಂತೆ. ಒಂದು ಕಣ್ಣಿನ ಆಪರೇಷನ್ ಆದ ಮೇಲೆ ಆ ಕಣ್ಣಲ್ಲಿ ಇಡ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಹಳೇ ತುಪ್ಪದ ಬಣ್ಣ. 'ಇಷ್ಟು ದಿನ ಇದನ್ನೇ ಬಿಳಿ ಅಂತಿದ್ನಾ' ಅಂತ ನಕ್ಕರು. ನಮ್ಮ ಕಟ್ಟಡದ ಅಜ್ಜಿಗೆ ಅಕ್ಷಿಪಟದ ನಡುಭಾಗ ಸವೆದಿದೆ. ನೆಲದ ಟೈಲ್ಸಿನ ಗೆರೆ ಸೊಟ್ಟಗೆ ಕಾಣುತ್ತೆ, ಎದುರಿಗೆ ನಿಂತವರ ಮುಖ ಕಾಣಲ್ಲ, ಮೂಲೆಯಲ್ಲಿ ಓಡುವ ಜಿರಳೆ ಮಾತ್ರ ತಪ್ಪಲ್ಲ! ಇನ್ನು ಇದ್ದಕ್ಕಿದ್ದಂತೆ ಮಿಂಚು ಹೊಡೆದು ಪರದೆ ಇಳಿದ ಹಾಗಾದರೆ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಆ ದಿನವೇ ಆಸ್ಪತ್ರೆಗೆ ಓಡಿ.

ನನ್ನ ಕಥೆಗೆ ಬರೋಣ. ಆಸ್ಪತ್ರೆಯ ನರ್ಸು ಮರಾಠಿಯಲ್ಲಿ 'ಕಾಚಬಿಂದು' ಅಂದರು, ಅಂದರೆ ಗ್ಲಾಕೋಮಾ. ನನಗೆ ಕೇಳಿದ್ದು 'ಮೋತಿಬಿಂದು', ಅಂದರೆ ಪೊರೆ. ತೆಗೆಸಿದರೆ ಆಯ್ತಲ್ಲ ಅಂತ ಖುಷಿಯಾಗಿಬಿಟ್ಟೆ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪೊರೆ ತೆಗೆದರೆ ನೋಟ ಬರುತ್ತೆ, ಕಾಚಬಿಂದುವಿನಲ್ಲಿ ಹೋದದ್ದು ಬರಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಇರುತ್ತೆ, ನನ್ನದು 29 ಇತ್ತು. ಆದರೆ 21ರ ಒಳಗಿದ್ದೂ ಗ್ಲಾಕೋಮಾ ಬರಬಹುದು, ಬರೀ ಒತ್ತಡ ಅಳೆಸಿ ಸುಮ್ಮನಾಗಬೇಡಿ. ನರವನ್ನೂ ನೋಡಬೇಕು, ಫೀಲ್ಡ್ ಟೆಸ್ಟೂ ಆಗಬೇಕು. ಗದ್ದ ಊರಿ, ಒಂದು ಕಣ್ಣು ಮುಚ್ಚಿ, ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಬಟನ್ ಒತ್ತುವುದು. ಟೆಸ್ಟು ನಡೆಯುತ್ತಿರುವಾಗಲೇ ಬೆಳಕು ಬರುವುದೇ ನಿಂತಿತು. 'ಮಷೀನ್ ಕೆಟ್ಟಿದೆ ಅನಿಸುತ್ತೆ' ಅಂದೆ. ಹುಡುಗಿ ಏನೂ ಹೇಳಲಿಲ್ಲ. ಕಾಗದದಲ್ಲಿ ಕೆಳಗಿನ ಅರ್ಧ ಕಪ್ಪಗೆ ಬಂದಿತ್ತು.

ಈಗ ರಾತ್ರಿ 9ಕ್ಕೆ ಮೊಬೈಲ್ ಬಡಿದುಕೊಳ್ಳುತ್ತೆ. ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಗಿರಾಕಿ ಕಾಯಲಿ. ಊರಲ್ಲಿರುವ ತಮ್ಮನನ್ನೂ ಬೈದು ಕಳಿಸಿದೆ. ಇದು ರಕ್ತಸಂಬಂಧದಲ್ಲಿ ಜಾಸ್ತಿ. ಅವನ ಒತ್ತಡ 25 ಬಂತು, ನೋಟ ಇನ್ನೂ ಪೂರ್ತಿ ಇದೆ.

ನಿಮ್ಮ ಅಪ್ಪನಿಗೆ ಇದೇ ಆಗಿದೆ ಅಂತ ನಾನು ಹೇಳಲಾರೆ, ಮೆಟ್ಟಿಲು ತಪ್ಪಲು ಬೇರೆ ಕಾರಣವೂ ಇರಬಹುದು. ಆದರೆ ದೀಪಾವಳಿ ತನಕ ಕಾಯಬೇಡಿ, ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ಕಣ್ಣಿಗೆ ಹನಿ ಹಾಕುತ್ತಿದ್ದರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಪಾಪೆ ಹಿಗ್ಗಿಸಲು ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಬ್ಬಾಗಿರುತ್ತೆ, ಒಬ್ಬರನ್ನೇ ಕಳಿಸಬೇಡಿ. ವಾಪಸ್ ಬರುವಾಗ ಲೋಕಲ್ಲೂ ಬೇಡ, ಬ್ರಿಜ್ಜೂ ಬೇಡ. ರಿಕ್ಷಾ ಮಾಡಿ.