ಮಳೆಗಾಲದಲ್ಲಿ ಹಸು ಮೈತುಂಬಿಕೊಳ್ಳುತ್ತದೆ, ಜೇನು ಯಾಕೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ?

ಎಲ್ಲೆಲ್ಲೂ ಹಸಿರಿರುವಾಗಲೇ ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನು ಗೂಡು ಖಾಲಿ ಮಾಡುತ್ತಿದೆ, ಪಕ್ಕದ ಕೊಟ್ಟಿಗೆಯ ವಾಸನೆ ಕಾರಣವೇ ಎಂದು ಕೇಳಿದ್ದೀರಿ. ವಾಸನೆಗಿಂತ ಮೊದಲು ಹಸಿವನ್ನು ಅನುಮಾನಿಸಿ. ಗಂಜಲದ ತೇವಕ್ಕೆ ಉಪ್ಪಿನಾಸೆಯಿಂದ ಜೇನೇ ಹುಡುಕಿಕೊಂಡು ಬರುತ್ತದೆ.

ಹಸುವಿಗೆ ಎಲೆ ಸಾಕು, ಜೇನಿಗೆ ಹೂವೇ ಬೇಕು. ಮೇವಿನ ನೇಪಿಯರ್ ಹುಲ್ಲು ಆಳೆತ್ತರ ಬೆಳೆದರೂ ಜೇನಿಗೆ ಮಕರಂದ ಸಿಗದು. ಮುಸುಕಿನ ಜೋಳದಲ್ಲಿ ಪರಾಗವಷ್ಟೇ. ಕುದುರೆಮೆಂತ್ಯೆ (ಲೂಸರ್ನ್) ಮೇವನ್ನು ಹೂ ಬಿಡುವ ಹೊತ್ತಿಗೇ ಕೊಯ್ದುಬಿಡುತ್ತೇವೆ. ಮೇಲಿಂದ ಜಡಿಮಳೆ ಹಿಡಿದರೆ ಜೇನುನೊಣ ಹೊರಗೆ ಹಾರುವ ಹಾಗೂ ಇಲ್ಲ.

ಹಾಗಾಗಿ ಮಳೆ ಹಿಡಿಯುವ ಮುಂಚೆಯೇ ಮೇಲಿನ ಜೇನುಕೋಣೆ ತೆಗೆದಿಡಿ. ಮರಿಗಳು ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಜೇನುತುಪ್ಪಕ್ಕೆ ಮಾತ್ರ ಕೈ ಹಾಕಬೇಡಿ. ನೊಣಗಳು ಮುಚ್ಚಿ ಕೂರದ ಖಾಲಿ ಎರಿಗಳನ್ನೂ (ಮೇಣದ ಹಟ್ಟಿಗಳನ್ನೂ) ತೆಗೆಯಿರಿ, ಮೇಣದ ಪತಂಗ ಮೊಟ್ಟೆಯಿಡುವುದು ಅಲ್ಲೇ. ಅದರ ಹುಳು ಎರಿ ಕೊರೆದು ಬಲೆ ಕಟ್ಟಿತೆಂದರೆ ತುಡುವೆ ಬಹಳ ದಿನ ಕಾಯುವುದಿಲ್ಲ. ವಾರಕ್ಕೊಮ್ಮೆ ತಳಹಲಗೆ ಕೆರೆದು ಒರೆಸಿ. ಪೆಟ್ಟಿಗೆ ಬಾಗಿಲ ಕಡೆಗೆ ತುಸು ವಾಲಿದ್ದರೆ ಒಳಗೆ ನೀರು ನಿಲ್ಲದು.

ಹೂವಿಲ್ಲದ ದಿನಗಳಲ್ಲಿ ಹಸಿವು ನೀಗಲು ಸಕ್ಕರೆ ಪಾಕ ಕೊಡಿ: ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿನೀರು, ಕರಗಿಸಿ ಪೂರ್ತಿ ಆರಿಸಿ. ಬೆಲ್ಲ ಬೇಡ, ಭೇದಿ ಹಿಡಿಯುತ್ತದೆ. ಒಂದು ಪೆಟ್ಟಿಗೆಯ ಜೇನು ಕುಟುಂಬಕ್ಕೆ ಸುಮಾರು 200 ಮಿ.ಲೀ.ನಂತೆ ಬಟ್ಟಲಲ್ಲಿ ಹಾಕಿ, ನೊಣ ಮುಳುಗದಂತೆ ಕಡ್ಡಿ ತೇಲಿಬಿಟ್ಟು, ಕತ್ತಲಾಗುವಾಗ ಪೆಟ್ಟಿಗೆಯೊಳಗಿಡಿ. ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಬೇಕು. ಹಗಲಲ್ಲಿ ಕೊಟ್ಟರೆ, ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬ ಬಡಕಲು ಕುಟುಂಬವನ್ನು ದೋಚುತ್ತದೆ. ನಿಮ್ಮ ಪೆಟ್ಟಿಗೆಯ ಬಾಗಿಲಲ್ಲಿ ಕಚ್ಚಾಟ, ಸತ್ತ ನೊಣ ಕಂಡಿದ್ದರೆ ಇದೇ ಆಗಿರಬಹುದು.

ಕೊಟ್ಟಿಗೆಯಿಂದ ನಿಜವಾದ ಅಪಾಯ ದನದ ಮೈಗೆ ಹತ್ತುವ ಉಣ್ಣೆಯ ಔಷಧಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಉಣ್ಣೆಗೆಷ್ಟೋ ಜೇನಿಗೂ ಅಷ್ಟೇ ವಿಷ. ನೊಣಗಳು ಗೂಡು ಸೇರಿದ ಮೇಲೆ ಸಿಂಪಡಿಸಿ, ಪಂಪು ತೊಳೆದ ನೀರನ್ನು ಅವು ನೀರು ಕುಡಿಯುವ ಕಡೆ ಹರಿಯಬಿಡಬೇಡಿ. ಅಪಾಯ ಹಸುವಿಗೂ ಇದೆ: ಕಟ್ಟಿಹಾಕಿದ ದನ ಜೇನು ಮುತ್ತಿದರೆ ಓಡಲಾರದು. ಪೆಟ್ಟಿಗೆಯ ಬಾಗಿಲು ಕೊಟ್ಟಿಗೆಯ ಕಡೆಗಿರದಂತೆ ತಿರುಗಿಸಿ, ನಡುವೆ ಆಳೆತ್ತರದ ಬೇಲಿ ಬೆಳೆಸಿ. ಬೇಲಿಯಿದ್ದರೆ ನೊಣ ಮೇಲೇರಿ ಹಾರುತ್ತದೆ, ದನವೂ ಬಂದು ಮೈ ಉಜ್ಜಿ ಪೆಟ್ಟಿಗೆ ಉರುಳಿಸುವುದಿಲ್ಲ.

ಮುಂದಿನ ಸಲ ಮಳೆ ಬಿಡುವು ಕೊಡುವ ಹೊತ್ತಿಗೆ ಕುದುರೆಮೆಂತ್ಯೆಯ ಒಂದು ಪಟ್ಟಿಯನ್ನು ಕೊಯ್ಯದೆ ಹೂವಿಗೆ ಬಿಡಿ. ಹೂ ಮುಗಿದ ಮೇಲೆ ಕಾಂಡ ನಾರಾಗಿರುತ್ತದೆ, ಸಣ್ಣಗೆ ಕತ್ತರಿಸಿ ಹಸಿಮೇವಿನೊಂದಿಗೆ ಬೆರೆಸಿದರೆ ಹಸು ತಿನ್ನುತ್ತದೆ.